ಜಪ ಮುಗಿದ ಮೇಲಿನ ಎರಡು ನಿಮಿಷ

ಸಂಜೆಯ ಪ್ರಾರ್ಥನೆ, ಉಪವಾಸ, ತೆನೆ ಹಬ್ಬ... ಕ್ರೈಸ್ತ ಮನೆಗಳ ಈ ರೂಢಿಗಳು ದೇವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮುನಿಸಿಕೊಂಡ ಮನೆಮಂದಿ ಎದುರುಬದುರು ನಿಲ್ಲುವುದಕ್ಕೂ ಅವೇ ದಾರಿ.

ಮದುವೆಯಾಗಿ ಬಂದ ಹೊಸತು. ನನ್ನ ತವರು ಕನಕಪುರದ ಕಡೆ. ಮನೆಯಲ್ಲೂ ಕನ್ನಡ, ಚರ್ಚಿನಲ್ಲೂ ಕನ್ನಡ. ಕೊಟ್ಟಿದ್ದು ಮಾತ್ರ ಮೂಡುಬಿದಿರೆ ಕಡೆಯ ಕೊಂಕಣಿ ಮಾತಾಡುವ ಕಥೋಲಿಕರ ಮನೆಗೆ. ಬಂದ ಮೊದಲ ಸಂಜೆ ಏಳೂವರೆ ಆಗುತ್ತಿದ್ದಂತೆ ಅತ್ತೆ ಟೀವಿ ಆರಿಸಿದರು, ಯೇಸು-ಮರಿಯಮ್ಮನವರ ಪಟದ ಮುಂದೆ ದೀಪ ಹಚ್ಚಿದರು, ‘ತೇರ್ಸ್‌ಗೆ ಬನ್ನಿ’ ಅಂತ ಎಲ್ಲರನ್ನೂ ಕರೆದರು. ತೇರ್ಸ್ ಅಂದರೆ ಏನೋ ಎಂದು ಗಾಬರಿಯಿಂದ ಹೋದರೆ, ನಮ್ಮ ಕಡೆ ಜಪಸರ ಅಂತೀವಲ್ಲ, ಅದೇ! ಅದೇ ಮಣಿಗಳು, ಅದೇ ಲೆಕ್ಕ. ಭಾಷೆ ಅರ್ಥವಾಗದಿದ್ದರೂ ಎಲ್ಲಿದ್ದೇವೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು.

ಆದರೆ ಜಪ ಮುಗಿದ ಮೇಲೆ ನಡೆದದ್ದು ನನಗೆ ಹೊಸದು. ಮನೆಯ ಚಿಕ್ಕವರೆಲ್ಲ ಒಬ್ಬೊಬ್ಬರಾಗಿ ಹಿರಿಯರ ಮುಂದೆ ಬಂದು ಕೈಮುಗಿದು ‘ಬೆಸಾಂವ್ ದೀ’ ಎಂದರು. ಆಶೀರ್ವಾದ ಮಾಡಿ ಅಂತ ಅರ್ಥ. ಹಿರಿಯರು ತಲೆ ಮುಟ್ಟಿ ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ ಎಂದರು. ಆಗಷ್ಟೇ ಹಿತ್ತಲಲ್ಲಿ ರಿಮೋಟಿಗಾಗಿ ಹೊಡೆದಾಡಿ ತಂದೆಯಿಂದ ಏಟು ತಿಂದಿದ್ದ ನಾದಿನಿಯ ಮಗ ಮೂಗು ಒರೆಸಿಕೊಳ್ಳುತ್ತಾ ಅದೇ ತಂದೆಯ ಮುಂದೆ ನಿಂತಿದ್ದ. ಆತನೂ ಬೇರೆ ಕಡೆ ನೋಡುತ್ತಲೇ ಮಗನ ತಲೆ ಮೇಲೆ ಕೈ ಇಟ್ಟರು. ಅಲ್ಲಿಗೆ ಜಗಳ ಮುಗೀತು. ಸಾರಿ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಎಲ್ಲ ಸೇರಿ ಎರಡು ನಿಮಿಷ.

ಇಪ್ಪತ್ತೆರಡು ವರ್ಷವಾಯಿತು. ಈಗ ಯಾರಾದರೂ ‘ಮನೆಯಲ್ಲಿ ಪ್ರಾರ್ಥನೆ ಮಾಡುತ್ತೀವಿ, ಆದರೂ ಒಬ್ಬರಿಗೊಬ್ಬರು ಆಗಲ್ಲ’ ಅಂದರೆ ನಾನು ಕೇಳುವುದು ಒಂದೇ. ಪ್ರಾರ್ಥನೆ ಮುಗಿದ ಮೇಲೆ ಏನು ಮಾಡ್ತೀರಿ? ಎದ್ದು ಅವರವರ ಕೋಣೆಗೆ ಹೋಗ್ತೀರಾ?

ಇಪ್ಪತ್ತು ನಿಮಿಷ ಯಾಕೆ ಭಾರ?

ಜಪಸರದ ಲೆಕ್ಕ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಐದು ಹತ್ತುಗಳಿರುತ್ತವೆ. ಪ್ರತಿ ಹತ್ತಿಗೂ ಮೊದಲು ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಒಂದು ಸಲ, ನಂತರ ಮರಿಯಮ್ಮನ ಪ್ರಾರ್ಥನೆ ಹತ್ತು ಸಲ. ಒಂದೊಂದು ಹತ್ತು ಹೇಳುವಾಗಲೂ ಯೇಸುವಿನ ಬದುಕಿನ ಒಂದೊಂದು ಘಟನೆಯನ್ನು ನೆನೆಯಬೇಕು. ಹುಟ್ಟು, ಸಾವು, ಪುನರುತ್ಥಾನ ಹೀಗೆ. 2002ರಲ್ಲಿ ಆಗಿನ ಪೋಪ್ ಎರಡನೇ ಜಾನ್ ಪಾಲ್ ಇದಕ್ಕೆ ಇನ್ನೂ ಐದು ಘಟನೆಗಳನ್ನು ಸೇರಿಸಿದರು. ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದುಹೋದ ಪ್ರಸಂಗ ಅದರಲ್ಲಿದೆ. ಅಡುಗೆಮನೆಯ ಕಷ್ಟ ಮೊದಲು ಹೆಂಗಸಿನ ಕಣ್ಣಿಗೇ ಬೀಳುತ್ತೆ, ನೋಡಿ! ನನಗೆ ಅದೇ ಇಷ್ಟ.

ಎಲ್ಲ ಸೇರಿ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆದರೆ ಅನೇಕ ಮನೆಗಳಲ್ಲಿ ಅದಕ್ಕೆ ಇನ್ನಷ್ಟು ಪ್ರಾರ್ಥನೆ, ಗೀತೆ, ಹೋದವರು ಬಂದವರ ಹೆಸರು ಎಲ್ಲಾ ಸೇರಿ ಮುಕ್ಕಾಲು ಗಂಟೆ ಮಾಡಿಬಿಡುತ್ತಾರೆ. ಮಕ್ಕಳು ತೂಕಡಿಸುತ್ತಾರೆ, ಹಿರಿಯರು ಗದರುತ್ತಾರೆ, ಗಂಡ ಫೋನು ಬಂತೆಂದು ಎದ್ದು ಹೊರಗೆ ಹೋಗುತ್ತಾನೆ. ಕೊನೆಗೆ ಪ್ರಾರ್ಥನೆ ಅಂದರೆ ಬೈಗುಳದ ಹೊತ್ತು ಎಂದಾಗಿಬಿಡುತ್ತದೆ. ಮಗು ಓಡದೆ ಇನ್ನೇನು ಮಾಡೀತು?

ಗೆಳತಿಯೊಬ್ಬಳ ಮನೆಯಲ್ಲಿ ಹೀಗೇ ಆಗಿತ್ತು. ಹದಿಮೂರು ವರ್ಷದ ಮಗಳು ‘ನಂಗೆ ಇದರಲ್ಲಿ ನಂಬಿಕೆ ಇಲ್ಲ’ ಎಂದುಬಿಟ್ಟಳಂತೆ. ಗೆಳತಿ ಅಳುತ್ತಾ ಫೋನ್ ಮಾಡಿದಳು. ನಾನು ಹೇಳಿದ್ದು ಇಷ್ಟೇ: ಐದು ಹತ್ತು ಬೇಡ, ಒಂದೇ ಹತ್ತು ಹೇಳಿ. ನಾಲ್ಕು ನಿಮಿಷ. ಅದನ್ನು ಮಗಳೇ ನಡೆಸಲಿ. ಯಾರಿಗಾಗಿ ಪ್ರಾರ್ಥಿಸಬೇಕು ಅನ್ನುವುದನ್ನೂ ಅವಳೇ ಹೇಳಲಿ. ಮೊದಲ ವಾರ ಅವಳು ಬೇಕಂತಲೇ ‘ನಮ್ಮ ಬೀದಿ ನಾಯಿಗೆ’ ಅಂದಳಂತೆ. ಸರಿ, ನಾಯಿಗೇ ಆಗಲಿ. ಎರಡನೇ ವಾರ, ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳದ ಹುಡುಗಿಯೊಬ್ಬಳ ಹೆಸರು ಹೇಳಿದಳು. ಆ ಹುಡುಗಿ ಇರುವುದೇ ತಾಯಿಗೆ ಗೊತ್ತಿರಲಿಲ್ಲ! ಮಗಳಿಗೆ ನಂಬಿಕೆ ಬಂತೋ ಇಲ್ಲವೋ ನನಗೆ ತಿಳಿಯದು. ತಾಯಿ-ಮಗಳ ನಡುವೆ ಮಾತಿಗೊಂದು ಬಾಗಿಲಂತೂ ತೆರೆಯಿತು.

ದೂರದಲ್ಲಿರುವ ಮಕ್ಕಳ ವಿಷಯಕ್ಕೂ ಇದೇ ಉಪಾಯ. 2020ರಲ್ಲಿ ಕೋವಿಡ್ ಬಂದು ಇಗರ್ಜಿಗಳ ಬಾಗಿಲು ಮುಚ್ಚಿದಾಗ ಮಸ್ಕತ್ತಿನಲ್ಲಿರುವ ನನ್ನ ನಾದಿನಿ ವಿಡಿಯೊ ಕಾಲ್‌ನಲ್ಲಿ ತೇರ್ಸ್‌ಗೆ ಸೇರತೊಡಗಿದಳು. ನಮಗೆ ಏಳೂವರೆ ಅಂದರೆ ಅಲ್ಲಿ ಆರು ಗಂಟೆ, ಅವಳು ಕೆಲಸದಿಂದ ಬಂದಿರುವ ಹೊತ್ತು. ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಹೇಳಲು ಹೋದರೆ ಸಂತೆ ಆಗುತ್ತದೆ. ಒಬ್ಬರು ಮೊದಲರ್ಧ, ಇನ್ನೊಬ್ಬರು ಕೊನೆಯರ್ಧ, ಉಳಿದವರು ಮ್ಯೂಟ್. ಜಪ ಮುಗಿದ ಮೇಲೆ ಮ್ಯೂಟ್ ತೆಗೆದು ಬೆಸಾಂವ್ ಕೇಳಲೇಬೇಕು, ಅದಕ್ಕೆ ರಿಯಾಯಿತಿ ಇಲ್ಲ. ತಲೆ ಮುಟ್ಟಲು ಆಗುವುದಿಲ್ಲ ನಿಜ. ಅತ್ತೆ ಫೋನಿನ ಪರದೆಯನ್ನೇ ಸವರುತ್ತಾರೆ, ಕಾಲ್ ಕಟ್ ಆಗುತ್ತದೆ!

ಒಬ್ಬರೇ ಇರುವ ಹೆಣ್ಣುಮಕ್ಕಳು, ಪಿ.ಜಿ.ಯಲ್ಲಿ ಇರುವವರು ಏನು ಮಾಡಬೇಕು? 16ನೇ ಶತಮಾನದ ಸಂತ ಲೊಯೋಲದ ಇಗ್ನೇಷಿಯಸ್ ಕಲಿಸಿದ ಆತ್ಮಪರಿಶೀಲನೆ ಇದೆಯಲ್ಲ, ಅದು ಐದೇ ನಿಮಿಷದ್ದು. ಮಲಗುವ ಮುನ್ನ ಆ ದಿನವನ್ನು ಬೆಳಗಿನಿಂದ ಒಮ್ಮೆ ತಿರುಗಿ ನೋಡುವುದು. ಯಾವುದಕ್ಕೆ ಕೃತಜ್ಞತೆ ಹೇಳಬೇಕು, ಎಲ್ಲಿ ಎಡವಿದೆ, ನಾಳೆ ಏನು ಮಾಡಲಿ ಅಂತ ದೇವರೊಂದಿಗೆ ಮಾತಾಡುವುದು. ನನ್ನದೊಂದು ಸೇರ್ಪಡೆ ಇದೆ: ಆ ದಿನ ಯಾರ ಮುಖ ನೆನಪಾಗಿ ಮುಜುಗರ ಆಯಿತೋ ಅವರಿಗೆ ಮರುದಿನ ಒಂದು ಮೆಸೇಜ್ ಹಾಕಿ. ಸುಮ್ಮನೆ ‘ಹೇಗಿದ್ದೀರಿ’ ಅಂದರೂ ಸಾಕು.

ಉಪವಾಸ ಮಾಡುವ ಮುನ್ನ

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸು ಕಾಲದಲ್ಲಿ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ನಮ್ಮ ಹೆಣ್ಣುಮಕ್ಕಳು ಇದನ್ನು ತುಂಬಾ ಕಟ್ಟುನಿಟ್ಟಾಗಿ ಹಿಡಿಯುತ್ತಾರೆ. ಕೆಲವರು ಮಧ್ಯಾಹ್ನದವರೆಗೆ ನೀರೂ ಕುಡಿಯದೆ ಮನೆಗೆಲಸ ಮಾಡುತ್ತಾರೆ. ಕಥೋಲಿಕ ಧರ್ಮಸಭೆಯ ನಿಯಮ ಇಷ್ಟು ಕಠಿಣವಾಗಿಲ್ಲ ಕಣ್ರೀ. ಉಪವಾಸ ಕಡ್ಡಾಯವಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಆ ದಿನವೂ ಒಂದು ಪೂರ್ತಿ ಊಟ, ಎರಡು ಹೊತ್ತು ಅಲ್ಪ ಆಹಾರಕ್ಕೆ ಅವಕಾಶ ಉಂಟು. ಕಾಯಿಲೆಯವರು, ಬಸುರಿ-ಬಾಣಂತಿಯರು ಮಾಡಬೇಕಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಲೇಬೇಡಿ. ತಲೆ ತಿರುಗಿ ಬಿದ್ದರೆ ಅದು ಭಕ್ತಿಯಲ್ಲ.

ಇನ್ನೊಂದು ಮಾತು. ಮಾಂಸ ಬಿಟ್ಟು ಅದರ ಬದಲು ಪನೀರು, ಅಣಬೆ, ಗೋಡಂಬಿ ಹಾಕಿ ಅಡುಗೆ ಮಾಡಿದರೆ ಖರ್ಚು ಇನ್ನೂ ಜಾಸ್ತಿ! ತ್ಯಾಗ ಎಲ್ಲಿ ಬಂತು? ನನ್ನ ತವರಿನಲ್ಲಿ ಅಮ್ಮ ಮಾಡುತ್ತಿದ್ದ ಕ್ರಮ ನನಗೆ ಸರಿ ಕಾಣುತ್ತದೆ. ಭಾನುವಾರದ ಮಾಂಸದ ದುಡ್ಡನ್ನು ಡಬ್ಬಿಗೆ ಹಾಕಿಡುತ್ತಿದ್ದಳು. ಈಸ್ಟರ್ ಹಿಂದಿನ ವಾರ ಅದನ್ನು ತೆಗೆದುಕೊಂಡು ಹೋಗಿ ಊರಿನ ಒಬ್ಬ ಒಂಟಿ ಮುದುಕಿಗೆ ಸೀರೆ ತರುತ್ತಿದ್ದಳು. ಡಬ್ಬಿಗೆ ಹಾಕುವ ಕೆಲಸ ನಮ್ಮದು, ಸೀರೆ ಕೊಡಲೂ ನಮ್ಮನ್ನೇ ಕಳಿಸುತ್ತಿದ್ದಳು. ಆ ಅಜ್ಜಿಯ ಮನೆಯಲ್ಲಿ ನನಗೆ ಸಿಗುತ್ತಿದ್ದ ಹುರಿಗಡಲೆ-ಬೆಲ್ಲದ ರುಚಿ ಇಂದಿಗೂ ನೆನಪಿದೆ.

ಕೊಡುವುದಕ್ಕೆ ದುಡ್ಡೇ ಇರಬೇಕೆಂದಿಲ್ಲ. ಮಿಜೋರಾಂನ ಕ್ರೈಸ್ತ ಹೆಂಗಸರು ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾರೆ. ‘ಬುಹ್‌ಫಾಯ್ ಥಾಮ್’ ಎಂದು ಅದರ ಹೆಸರು. 1910ರಲ್ಲಿ ಶುರುವಾದ ಪದ್ಧತಿ. ಮನೆಮನೆಯಿಂದ ಕೂಡಿಸಿ ಮಾರಿದ ಈ ಅಕ್ಕಿಯ ಹಣ ಅಲ್ಲಿನ ಚರ್ಚಿನ ಕೆಲಸಗಳಿಗೆ ದೊಡ್ಡ ಆಧಾರ. ಕೈಯಲ್ಲಿ ಕಾಸಿಲ್ಲದ ಹೆಂಗಸೂ ಕೊಡುವವಳಾದಳು, ಅದು ಮುಖ್ಯ. ನಿಮ್ಮ ಅಡುಗೆಮನೆಯಲ್ಲೂ ಒಂದು ಡಬ್ಬಿ ಇಟ್ಟು ನೋಡಿ. ತಿಂಗಳ ಕೊನೆಗೆ ಯಾರಿಗೆ ಕೊಡಬೇಕೆಂದು ಯೋಚಿಸುವಾಗಲೇ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂದು ಗೊತ್ತಾಗುತ್ತದೆ.

ಪ್ರತಿ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಆಚರಿಸುವ ವಿಶ್ವ ಪ್ರಾರ್ಥನಾ ದಿನದ ಬಗ್ಗೆಯೂ ಹೇಳಬೇಕು. ಇದು ಹೆಂಗಸರೇ ಕಟ್ಟಿದ ದಿನ. ಒಂದೊಂದು ವರ್ಷ ಒಂದೊಂದು ದೇಶದ ಕ್ರೈಸ್ತ ಮಹಿಳೆಯರು ಪ್ರಾರ್ಥನೆಯನ್ನು ಬರೆಯುತ್ತಾರೆ, ಲೋಕದ ಬೇರೆ ಬೇರೆ ಸಭೆಗಳ ಹೆಂಗಸರು ಅದನ್ನೇ ಹೇಳುತ್ತಾರೆ. 2024ರಲ್ಲಿ ಪ್ಯಾಲೆಸ್ಟೀನಿನ, 2025ರಲ್ಲಿ ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ಮಹಿಳೆಯರು ಬರೆದಿದ್ದರು. ಕಥೋಲಿಕರು, ಸಿ.ಎಸ್.ಐ.ನವರು, ಮೆಥೊಡಿಸ್ಟರು ಅಂತ ಬೇರೆ ಬೇರೆ ಬೆಂಚು ಹಿಡಿದು ಕೂರುವ ನಮಗೆ ಆ ಒಂದು ದಿನ ಒಟ್ಟಿಗೆ ಕೂರಲು ನೆಪ. ನಿಮ್ಮ ಊರಿನಲ್ಲಿ ಇದ್ದರೆ ಹೋಗಿ. ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವವರಲ್ಲಿ ಹೆಂಗಸರೂ ಇರಬಹುದು ಎಂದು ಕಥೋಲಿಕ ಸಭೆಯ ನಿಯಮ ಬದಲಾಗಿದ್ದು 2016ರಲ್ಲಷ್ಟೇ, ಪೋಪ್ ಫ್ರಾನ್ಸಿಸ್ ಕಾಲದಲ್ಲಿ. ಪ್ರಾರ್ಥನೆ ಬರೆಯುವ ಕೆಲಸವನ್ನು ಹೆಂಗಸರು ಅದಕ್ಕೂ ಎಷ್ಟೋ ಮೊದಲೇ ಕೈಗೆತ್ತಿಕೊಂಡಿದ್ದರು!

ಪ್ರಾರ್ಥನೆ ಸಾಲದ ಕಡೆ

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾದೀತು. ಗಂಡ ಹೊಡೆಯುತ್ತಾನೆ ಎಂದು ಬಂದ ಹೆಣ್ಣುಮಗಳಿಗೆ ‘ಒಂಬತ್ತು ದಿನ ನೊವೆನಾ ಮಾಡು, ಸರಿಹೋಗ್ತಾನೆ’ ಎಂದು ಕಳಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಕ್ಷಮಿಸುವುದು ಬೇರೆ, ಏಟು ತಿನ್ನುತ್ತಾ ಇರುವುದು ಬೇರೆ. ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ. ತಿಂಗಳುಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇರುವವರಿಗೆ ‘ನಿನ್ನ ವಿಶ್ವಾಸ ಕಡಿಮೆಯಾಗಿದೆ’ ಅನ್ನುವುದೂ ಕ್ರೌರ್ಯವೇ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಡಾಕ್ಟರಿದ್ದಾರೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಅವರ ಜೊತೆ ಆಸ್ಪತ್ರೆಗೆ ಹೋಗಿ ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಕೂತು ಕಾಯಿರಿ. ಜಪಮಣಿ ಬೇಕಾದರೆ ಅಲ್ಲೂ ಎಣಿಸಬಹುದು.

ಐದು ಭತ್ತದ ಕಾಳು

ಈಗ ನಮ್ಮ ಮನೆಯದೇ ಕಥೆ. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಮನೆಯವರು ‘ಬರಿ, ಹೆಸರು ಹಾಕಬೇಡ’ ಅಂದರು.

ನನ್ನ ಮೈದುನ ಮದುವೆಯಾದ ಮೇಲೆ ಪಕ್ಕದಲ್ಲೇ ಮನೆ ಕಟ್ಟಿಸಿದ. ಬಾವಿ ಒಂದೇ, ಪಂಪು ಒಂದೇ. ಜಗಳ ಶುರುವಾಗಿದ್ದು ಪಂಪಿನ ಕರೆಂಟ್ ಬಿಲ್ಲಿನಿಂದ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಅನ್ನುವಲ್ಲಿಂದ ಆರಂಭವಾಗಿ, ಯಾರ ಮದುವೆಗೆ ಎಷ್ಟು ಬಂಗಾರ ಕೊಟ್ಟಿದ್ದರು ಅನ್ನುವವರೆಗೂ ಹೋಯಿತು. 2016ರಲ್ಲಿ ಅಂಗಳದ ನಡುವೆ ಗೋಡೆ ಎದ್ದಿತು. ನಾನೂ ಓರಗಿತ್ತಿಯೂ ಮಾತು ಬಿಟ್ಟೆವು. ಭಾನುವಾರ ಒಂದೇ ಇಗರ್ಜಿ, ಒಂದೇ ಬಲಿಪೂಜೆ. ಪರಸ್ಪರ ಶಾಂತಿ ಕೋರುವ ಹೊತ್ತು ಬರುತ್ತದಲ್ಲ, ಆಗ ಎಡಕ್ಕೂ ಬಲಕ್ಕೂ ತಿರುಗಿ ಎಲ್ಲರಿಗೂ ಕೈಮುಗಿಯುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಅವಳಿದ್ದರೆ ಮಾತ್ರ ಕತ್ತು ಆ ಕಡೆ ತಿರುಗುತ್ತಿರಲಿಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ರಾಜಿಯಾಗು ಅಂತ ಯೇಸು ಹೇಳಿದ್ದು ಗೊತ್ತಿಲ್ಲವೇ? ಗೊತ್ತಿತ್ತು. ನಾನು ಕಾಣಿಕೆ ಹಾಕಿ ಸೀದಾ ಮನೆಗೆ ಬರುತ್ತಿದ್ದೆ.

ಅತ್ತೆಯವರು ಮಾತ್ರ ದಿನಾ ತೇರ್ಸ್ ಕೊನೆಗೆ ಇಲ್ಲದವರ ಹೆಸರು ಹೇಳುವಾಗ ಗೋಡೆಯಾಚೆಯವರ ಹೆಸರನ್ನೂ ಹೇಳುತ್ತಿದ್ದರು. ನನಗೆ ಉರಿಯುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ, ‘ಮಾಂಯ್, ಅವರು ನಿಮ್ಮನ್ನು ನೋಡೋಕೂ ಬರಲ್ಲ, ಯಾಕೆ ಅವರ ಹೆಸರು?’ ಅವರು ‘ನಿನ್ನ ಹೆಸರೂ ಹೇಳ್ತೇನಲ್ಲ’ ಅಂದು ದೀಪ ಆರಿಸಿದರು.

ಕರಾವಳಿಯಲ್ಲಿ ಸೆಪ್ಟೆಂಬರ್ 8 ದೊಡ್ಡ ದಿನ. ಮರಿಯಮ್ಮನ ಹುಟ್ಟಿದ ಹಬ್ಬ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕದಲ್ಲಿ ಅಂದು ರಥೋತ್ಸವವಾದರೆ, ಮಂಗಳೂರು ಕಡೆ ಅದು ಮೊಂತಿ ಫೆಸ್ತ್, ಪತ್ರಿಕೆಗಳು ಬರೆಯುವಂತೆ ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಆ ಹೆಸರು ಬಂತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಗುರುಗಳು ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಡುತ್ತಾರೆ, ಮಕ್ಕಳಿಗೆ ಕಬ್ಬು ಸಿಗುತ್ತದೆ. ತುಳುನಾಡಿನ ಹಿಂದೂ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರಲ್ಲ, ಅದೇ ಮಣ್ಣಿನ ಸಂಬಂಧ. ಮನೆಗೆ ತಂದ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿಯಬೇಕು. ಇದು ‘ನವೆಂ’. ಆಮೇಲೆ ಬಾಳೆಎಲೆ ಊಟ. ಮೀನು-ಮಾಂಸ ಇಲ್ಲ, ಮೂರೋ ಐದೋ ಏಳೋ ಬೆಸ ಸಂಖ್ಯೆಯ ತರಕಾರಿ ಪದಾರ್ಥ. ಕೆಸುವಿನ ದಂಟಿಗೆ ಅಮಟೆಕಾಯಿ ಹಾಕಿದ್ದು ಇರಲೇಬೇಕು. ನವೆಂ ಊಟವನ್ನು ಒಬ್ಬರೇ ಮಾಡುವುದಿಲ್ಲ. ಮುಂಬೈಯಲ್ಲಿರುವವರಿಗೆ, ಗಲ್ಫಿನಲ್ಲಿರುವವರಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುವುದೂ ಉಂಟು.

ಗೋಡೆ ಎದ್ದ ಮೇಲೂ ಅತ್ತೆ ಪ್ರತಿ ವರ್ಷ ಸ್ವಲ್ಪ ಕಾಳು, ಒಂದು ತಂಬಿಗೆ ಪಾಯಸ ಹಿಡಿದು ಗೇಟು ದಾಟಿ ರಸ್ತೆ ಬಳಸಿ ಆ ಮನೆಗೆ ಹೋಗುತ್ತಿದ್ದರು. ಮೊಣಕಾಲು ನೋವು, ಮಳೆ ಬೇರೆ. ‘ನೀನು ಕೊಟ್ಟು ಬಾ’ ಅಂತ ಮೊದಲ ವರ್ಷ ನನಗೆ ಹೇಳಿದ್ದರು. ನಾನು ಪಾತ್ರೆ ತೊಳೆಯುವ ನೆಪ ಹೇಳಿದೆ. ಆಮೇಲೆ ಅವರು ಕೇಳಲೇ ಇಲ್ಲ.

2019ರ ಆಗಸ್ಟಿನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಶನ್ ಆಗಿ ಮನೆಗೆ ಬಂದು ಹಾಸಿಗೆ ಹಿಡಿದಿದ್ದರು. ಮೈದುನ ಆಸ್ಪತ್ರೆಗೆ ಬಂದು ನೋಡಿಹೋಗಿದ್ದ, ಅವಳು ಬಂದಿರಲಿಲ್ಲ. ಮೊಂತಿ ಫೆಸ್ತ್ ದಿನ ಅತ್ತೆ ಮಲಗಿದಲ್ಲೇ ತೆನೆ ತರಿಸಿಕೊಂಡು ಕಾಳು ಸುಲಿದರು. ಐದು ಕಾಳನ್ನು ಒಂದು ಎಲೆಯ ಚೂರಿನಲ್ಲಿ ಕಟ್ಟಿ ಹಾಸಿಗೆಯ ಪಕ್ಕ ಇಟ್ಟುಕೊಂಡರು. ಯಾರಿಗೂ ಏನೂ ಹೇಳಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಎಲೆ ಹಾಕಿದರೂ ಅವರು ಊಟ ಬೇಡ ಅಂದರು. ಕೋಪವಿಲ್ಲ, ಹಟವಿಲ್ಲ. ‘ಆಮೇಲೆ’ ಅಂದರು ಅಷ್ಟೇ.

ಆ ಪೊಟ್ಟಣ ತೆಗೆದುಕೊಂಡು ಹೋದವಳು ನಾನೇ. ಭಕ್ತಿಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಮಾತ್ರೆ ತೆಗೆದುಕೊಳ್ಳಬೇಕಾದ ಮುದುಕಿ ಹಸಿದು ಕೂತಿದ್ದಾರಲ್ಲ ಎಂಬ ಸಿಟ್ಟಿನಲ್ಲೇ ಹೋದೆ. ಓರಗಿತ್ತಿ ಬಾಗಿಲು ತೆಗೆದಳು. ಅಡುಗೆಯ ಕೈ, ನೈಟಿ ಮೇಲೊಂದು ಟವೆಲು. ಇಬ್ಬರಿಗೂ ಮಾತು ಹೊರಡಲಿಲ್ಲ. ಅವಳ ಹಿಂದಿನಿಂದ ಒಂಬತ್ತು ವರ್ಷದ ಮಗಳು ಓಡಿಬಂದು, ಹಬ್ಬದ ದಿನ ಮನೆಗೆ ಯಾರೇ ಹಿರಿಯರು ಬಂದರೂ ಮಾಡುವಂತೆ, ಕೈಮುಗಿದು ‘ಬೆಸಾಂವ್ ದೀ’ ಎಂದಳು. ಮಗುವಿಗೆ ಅಭ್ಯಾಸ. ದೊಡ್ಡವರ ಜಗಳದಲ್ಲಿ ಇದನ್ನೂ ಬಿಡಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನಾನು ಕೈ ಇಟ್ಟೆ. ತಲೆಗೆ ಎಣ್ಣೆ ಹಚ್ಚಿದ್ದಳು, ಅಂಗೈಗೆಲ್ಲಾ ಆಯಿತು.

‘ಮಾಂಯ್ ಊಟ ಮಾಡಿದ್ರಾ?’ ಅವಳು ಕೇಳಿದ್ದು ಅಷ್ಟೇ. ‘ಇಲ್ಲ’ ಅಂದೆ. ಅವಳು ಟವೆಲಿನಲ್ಲಿ ಕೈ ಒರೆಸಿಕೊಂಡು, ಮಾಡಿಟ್ಟಿದ್ದ ಹೀರೆಕಾಯಿ ಪಲ್ಯವನ್ನು ಒಂದು ಡಬ್ಬಿಗೆ ಹಾಕಿ ನನ್ನ ಹಿಂದೆಯೇ ಬಂದಳು. ನಮ್ಮಲ್ಲಿ ಆ ದಿನ ಐದು ಪದಾರ್ಥ ಮಾಡಿದ್ದೆ. ಇದು ಸೇರಿ ಆರಾಯಿತು. ಬೆಸ ಸಂಖ್ಯೆ ಆಗಬೇಕಲ್ಲ ಎಂದು ಅತ್ತೆ ಮಲಗಿದಲ್ಲಿಂದಲೇ ಉಪ್ಪಿನಕಾಯಿಯನ್ನೂ ಎಣಿಸಿದರು.

ಆಮೇಲೆ ಎಲ್ಲಾ ಸರಿಹೋಯಿತು ಎಂದು ಬರೆಯುವುದು ಸುಲಭ. ಗೋಡೆ ಇನ್ನೂ ಇದೆ. ಪಂಪು ಎರಡಾಗಿದೆ, ಬಿಲ್ಲೂ ಎರಡು. ಅಣ್ಣತಮ್ಮಂದಿರು ತೋಟದ ವಿಷಯ ಬಂದರೆ ಈಗಲೂ ದನಿ ಏರಿಸುತ್ತಾರೆ. ಎರಡು ವರ್ಷದ ಹಿಂದೆ ಗೋಡೆಯನ್ನು ಸ್ವಲ್ಪ ಒಡೆದು ಸಣ್ಣದೊಂದು ಗೇಟು ಇಟ್ಟೆವು, ಅತ್ತೆಯ ಗಾಲಿಕುರ್ಚಿ ಹೋಗುವಷ್ಟು ಅಗಲ. ಚಿಲಕ ಮಾತ್ರ ಆ ಕಡೆಗೇ ಇರಲಿ ಅಂತ ಓರಗಿತ್ತಿ ಹಟ ಹಿಡಿದಳು. ಶನಿವಾರ ಏಳೂವರೆಗೆ ಅದನ್ನು ಅವಳೇ ತೆಗೆದುಕೊಂಡು ಮಗಳ ಜೊತೆ ತೇರ್ಸ್‌ಗೆ ಬರುತ್ತಾಳೆ. ಉಳಿದ ದಿನ ಬರುವುದಿಲ್ಲ, ಆ ಹೊತ್ತಿಗೆ ಅವಳ ಸೀರಿಯಲ್ ಇರುತ್ತದೆ.